ಮೂಟೆಯ ತಳಕ್ಕೆ ಕೈ ಹಾಕಿ ನೋಡು

ಮೊನ್ನೆ ಆಳಂದದಿಂದ ದೂರದ ಸಂಬಂಧಿಯೊಬ್ಬ ಫೋನ್ ಮಾಡಿದ. ಅವನ ಅಪ್ಪನಿಗೆ ಲಕ್ವಾ ಹೊಡೆದಿದೆ. ಮಗ ಸೊಸೆ ಇಬ್ಬರೂ ಪುಣೆಯಲ್ಲಿ ಕೆಲಸಕ್ಕೆ ಹೋಗುವವರು. "ಕಾಕಾ, ನೀವು ಮಾರ್ಕೆಟ್ ಯಾರ್ಡಿನಾಗ ನಲವತ್ತು ವರ್ಷ ಇದ್ದೀರಿ. ಒಂದು ಛಲೋ ನರ್ಸಿಂಗ್ ಹೋಮ್ ನೋಡಿ ಹೇಳ್ರಿ" ಅಂದ. ಹೂಂ ಅಂದೆ. ಫೋನ್ ಇಟ್ಟ ಮೇಲೆ ತುಂಬಾ ಹೊತ್ತು ಸುಮ್ಮನೆ ಕೂತೆ. ಮೆಣಸಿನಕಾಯಿಯಾದರೆ ಕಣ್ಣು ಮುಚ್ಚಿ ಹೇಳಿಬಿಡುತ್ತಿದ್ದೆ. ಆರೈಕೆ ಛಲೋ ಇದೆಯೋ ಇಲ್ಲವೋ ಅಂತ ಹೇಗೆ ಹೇಳುವುದು?

ಗುಲ್ಟೇಕಡಿಯ ಈ ಮಾರ್ಕೆಟ್ ಯಾರ್ಡಿನ ಭುಸಾರ್ ವಿಭಾಗದಲ್ಲಿ, ಅಂದರೆ ಕಾಳುಕಡಿ ಕಿರಾಣಿ ಪೇಟೆಯಲ್ಲಿ, ನಾನು ಗುಮಾಸ್ತನಾಗಿ ಸೇರಿದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ. ಮೊದಲ ವಾರ ನಮ್ಮ ಸೇಠಜಿ ಕಲಿಸಿದ ಪಾಠ ಒಂದೇ. ಬ್ಯಾಡಗಿ ಮೆಣಸಿನಕಾಯಿ ಮೂಟೆ ಬಂತು ಅನ್ನಿ, ಮೇಲಿನ ಕಾಯಿ ನೋಡಿ ಬೆಲೆ ಹೇಳಬೇಡ. ಮೇಲಿನವು ಯಾವಾಗಲೂ ಕೆಂಪಗೇ ಇರುತ್ತವೆ. ತಳಕ್ಕೆ ಕೈ ಹಾಕು. ಒದ್ದೆ ಇದ್ದರೆ ಅಲ್ಲಿರುತ್ತದೆ, ಬೂಷ್ಟು ಹಿಡಿದಿದ್ದರೆ ಅಲ್ಲಿರುತ್ತದೆ. ಕಾಳಿನ ಮೂಟೆಗಾದರೆ ಪರಖಿ ಚುಚ್ಚಿ ನಡುವಿನ ಕಾಳು ತೆಗೆಯುತ್ತಿದ್ದೆವು. ಹಾಪುಸ್ ಪೆಟ್ಟಿಗೆಯಾದರೂ ಅಷ್ಟೇ. ಮೇಲಿನ ಸಾಲು ರತ್ನಾಗಿರಿ, ಕೆಳಗಿನ ಸಾಲು ನಮ್ಮ ಕರ್ನಾಟಕ... ನಗಬೇಡಿ, ಮೋಸದ ವ್ಯಾಪಾರದ ಈ ಕಥೆ ಪುಣೆಯವರಿಗೆಲ್ಲ ಗೊತ್ತು.

ಈ ಪಾಠ ಕಲಿತಿದ್ದ ನಾನೇ 1999ರಲ್ಲಿ ನನ್ನ ಅವ್ವನ ವಿಷಯದಲ್ಲಿ ಮೇಲಿನ ಕಾಯಿ ನೋಡಿ ಮೋಸ ಹೋದೆ.

ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಆಮೇಲೆ ಮೂರು ವಾರ ಒಂದು ನರ್ಸಿಂಗ್ ಹೋಮಿನಲ್ಲಿಟ್ಟೆವು. ಹೆಸರು ಬೇಡ, ಅದು ಈಗ ಇಲ್ಲ ಕೂಡ. ಫಿನಾಯಿಲ್ ವಾಸನೆ, ಬಿಳಿ ಚಾದರ, ಬಾಗಿಲಲ್ಲಿ ಗಣಪತಿ, ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟು. ನಾನು ದಿನಾ ಸಂಜೆ ಅಂಗಡಿ ಮುಚ್ಚಿ ಹೋಗುತ್ತಿದ್ದೆ. ಚಾದರ ಇಸ್ತ್ರಿ ಮಾಡಿದಂತೆ ಇರುತ್ತಿತ್ತು. ಅವ್ವ "ಬೆನ್ನಾಗ ಉರಿಲತ್ತದಪ್ಪಾ" ಅನ್ನುತ್ತಿದ್ದಳು. ಸಿಸ್ಟರನ್ನು ಕೇಳಿದರೆ "ವಯಸ್ಸಾದವರು, ಹಾಗೇ ಅಂತಾರೆ" ಅನ್ನುತ್ತಿದ್ದರು. ನಾನೂ ನಂಬಿದೆ. ಅವ್ವನ ಮಾತಿಗಿಂತ ಬಿಳಿ ಚಾದರವನ್ನು ನಂಬಿದೆ ಅನ್ನಿ.

ಒಂದು ಭಾನುವಾರ ನಮ್ಮ ಅಂಗಡಿಯ ಹಮಾಲನೊಬ್ಬ ಅವ್ವನನ್ನು ನೋಡಲು ಬಂದ. ಅವಳಿಗೆ ಎದ್ದು ಕೂರಬೇಕು ಅನ್ನಿಸಿತು. ಅವನು ಮೂಟೆ ಎತ್ತುವ ಅಭ್ಯಾಸದವನು, ಹೂವಿನಂತೆ ಎತ್ತಿ ಕೂರಿಸಿದ. ಬೆನ್ನಿಗೆ ಆಸರೆ ಕೊಟ್ಟ ಕೈ ತೆಗೆದು ನೋಡಿಕೊಂಡು ನನ್ನ ಕಡೆ ತಿರುಗಿದ. ಏನೂ ಹೇಳಲಿಲ್ಲ. ಕೈ ಒದ್ದೆಯಾಗಿತ್ತು. ಸೊಂಟದ ಕೆಳಗೆ ಅಂಗೈ ಅಗಲದ ಹುಣ್ಣು. ಮಲಗಿದಲ್ಲೇ ಮಲಗಿಸಿ ಬಿಟ್ಟದ್ದಕ್ಕೆ ಆದದ್ದು. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅನ್ನುವುದು ನನಗೆ ಆಗ ಗೊತ್ತೇ ಇರಲಿಲ್ಲ. ಅವ್ವ ಆ ಹುಣ್ಣಿನಿಂದ ಚೇತರಿಸಿಕೊಳ್ಳಲಿಲ್ಲ. ನಾಲ್ಕು ತಿಂಗಳಿಗೆ ಹೋದಳು.

ಆಮೇಲೆ ಬಹಳ ವರ್ಷ ನಾನು ಓದಿದ್ದು ಇದನ್ನೇ. ಡಾಕ್ಟರಿಕೆಯನ್ನಲ್ಲ, ಆರೈಕೆಯನ್ನು ಅಳೆದವರ ಚರಿತ್ರೆಯನ್ನು. ಅದರ ಒಂದು ದೊಡ್ಡ ಅಧ್ಯಾಯ ನಡೆದದ್ದು ಇದೇ ಪುಣೆಯಲ್ಲಿ, ಅದರಲ್ಲಿ ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಇದ್ದಾಳೆ ಅಂತ ಗೊತ್ತಾದಾಗ ಆಶ್ಚರ್ಯವಾಯಿತು.

1896ರ ಸೆಪ್ಟೆಂಬರಿನಲ್ಲಿ ಮುಂಬೈಗೆ ಪ್ಲೇಗ್ ಬಂತು. ವರ್ಷ ಮುಗಿಯುವುದರೊಳಗೆ ಪುಣೆಗೂ ಬಂತು. 1897ರ ಫೆಬ್ರವರಿಯಲ್ಲಿ ಸರ್ಕಾರ ಅವಸರದಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. 2020ರಲ್ಲಿ ಕೊರೊನಾ ಬಂದಾಗ ನಮ್ಮನ್ನೆಲ್ಲ ಮನೆಯಲ್ಲಿ ಕೂರಿಸಿದ್ದರಲ್ಲ, ಆಗ ಬಳಸಿದ ಕಾನೂನುಗಳಲ್ಲಿ ಅದೂ ಒಂದು. ಪುಣೆಯ ಪ್ಲೇಗ್ ಕಮಿಟಿಗೆ ವಾಲ್ಟರ್ ಚಾರ್ಲ್ಸ್ ರ‍್ಯಾಂಡ್ ಎಂಬ ಐಸಿಎಸ್ ಅಧಿಕಾರಿ ಮುಖ್ಯಸ್ಥ. ಎಂಟುನೂರಕ್ಕೂ ಹೆಚ್ಚು ಸೈನಿಕರು ಪೇಟೆಗಳಲ್ಲಿ ಮನೆ ಮನೆ ಹೊಕ್ಕು ಹುಡುಕಿದರು. ಜ್ವರ ಬಂದವರನ್ನು ಪ್ಲೇಗ್ ಆಸ್ಪತ್ರೆಗೆ, ಮನೆಯವರನ್ನು ಪ್ರತ್ಯೇಕ ಶಿಬಿರಕ್ಕೆ ಒಯ್ದರು.

ಇಲ್ಲಿ ಒಂದು ಮಾತು ಹೇಳಬೇಕು. ರೋಗಿಗಳನ್ನು ಬೇರ್ಪಡಿಸಬೇಕು ಅನ್ನುವ ವಿಚಾರ ತಪ್ಪಾಗಿರಲಿಲ್ಲ. ರ‍್ಯಾಂಡನ ವ್ಯವಸ್ಥೆ ಕಾಗದದ ಮೇಲೆ ಬಲು ಅಚ್ಚುಕಟ್ಟು. ವೈದ್ಯಾಧಿಕಾರಿ ಇದ್ದ, ಹಾಸಿಗೆಗಳಿದ್ದವು, ಲೆಕ್ಕವಿತ್ತು. ಹಾಗಿದ್ದರೂ ಜನ ರೋಗಿಗಳನ್ನು ಬಚ್ಚಿಟ್ಟರು, ಊರು ಬಿಟ್ಟರು. ಆಸ್ಪತ್ರೆಗೆ ಹೋದವರು ಬರುವುದಿಲ್ಲ, ಅಲ್ಲಿ ಜಾತಿ ಕೆಡಿಸುತ್ತಾರೆ, ಹೆಂಗಸರಿಗೆ ಮರ್ಯಾದೆಯಿಲ್ಲ... ಮಾತು ಹಬ್ಬಿತು. ಟಿಳಕರು ಮತ್ತು ಇತರರು ಸೇರಿ ಹಿಂದೂ ಪ್ಲೇಗ್ ಆಸ್ಪತ್ರೆ ತೆರೆದರು. ಬೇರೆ ಸಮುದಾಯದವರೂ ತಮ್ಮ ತಮ್ಮ ಆಸ್ಪತ್ರೆ ಮಾಡಿಕೊಂಡರು. ಜನ ಎಲ್ಲಿಗೆ ಹೋಗಲು ಒಪ್ಪುತ್ತಾರೆ, ಎಲ್ಲಿಂದ ಓಡುತ್ತಾರೆ ಅನ್ನುವುದೂ ಆರೈಕೆಯ ಒಂದು ಅಳತೆಯೇ ಅಲ್ಲವೇ?

ಅದೇ ಹೊತ್ತಿನಲ್ಲಿ ಪುಣೆಯಲ್ಲಿ ಶಾರದಾ ಸದನ ಎಂಬ ವಿಧವೆಯರ ಮನೆ ನಡೆಸುತ್ತಿದ್ದವರು ಪಂಡಿತಾ ರಮಾಬಾಯಿ. ನಮ್ಮಲ್ಲಿ ಬಹಳ ಜನ ಅವರನ್ನು ಮಹಾರಾಷ್ಟ್ರದವರು ಅಂತಲೇ ತಿಳಿದಿದ್ದಾರೆ. ಮನೆಮಾತು ಮರಾಠಿ, ನಿಜ. ಆದರೆ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು. 1858ರಲ್ಲಿ ರಮಾಬಾಯಿ ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ವಿರೋಧ ಕಟ್ಟಿಕೊಂಡ ಶಾಸ್ತ್ರಿಗಳು ಕಾಡಿನಲ್ಲೇ ಮನೆ ಮಾಡಿದ್ದರು. ಮುಂದೆ ಕುಟುಂಬ ತೀರ್ಥಯಾತ್ರೆಯಲ್ಲೇ ಅಲೆಯಿತು. ಬರದಲ್ಲಿ ತಂದೆ ತಾಯಿ ಇಬ್ಬರೂ ಹಸಿವಿನಿಂದ ತೀರಿಕೊಂಡರು. ನಾನು ಕೆಲಸ ಹುಡುಕಿ ಬಂದವನು, ಅವರು ಹಸಿವಿನ ಜೊತೆ ದೇಶ ಸುತ್ತಿ ಪುಣೆ ಸೇರಿದವರು. ಹೋಲಿಕೆ ಅಷ್ಟಕ್ಕೇ ಸಾಕು.

1896-97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಭೀಕರ ಬರ. ರಮಾಬಾಯಿ ಅಲ್ಲಿಂದ ನೂರಾರು ಅನಾಥ ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗ್ ಇದ್ದದ್ದರಿಂದ ಅಷ್ಟು ಜನರನ್ನು ಊರಲ್ಲಿಡಲು ಸರ್ಕಾರ ಒಪ್ಪಲಿಲ್ಲ. ಐವತ್ತು ಅರವತ್ತು ಕಿಲೋಮೀಟರ್ ಆಚೆ ಕೇಡಗಾಂವದ ತಮ್ಮ ಹೊಲಕ್ಕೆ ಸಾಗಿಸಿದರು. ಅದೇ ಮುಂದೆ ಮುಕ್ತಿ ಸದನವಾಯಿತು. ಕಲಬುರಗಿಯಿಂದ ಸೊಲ್ಲಾಪುರ, ದೌಂಡ ದಾಟಿ ಪುಣೆಗೆ ಬರುವ ನಮ್ಮ ರೈಲುಗಳೆಲ್ಲ ಆ ಸ್ಟೇಷನ್ ಮುಂದಿನಿಂದಲೇ ಹೋಗುತ್ತವೆ. ಎಷ್ಟು ಸಲ ಕಿಟಕಿಯಲ್ಲಿ ಆ ಹಳದಿ ಬೋರ್ಡು ಓದಿದ್ದೆನೋ. ಗೊತ್ತಿರಲಿಲ್ಲ.

ರಮಾಬಾಯಿಯ ಹುಡುಗಿಯರಲ್ಲಿ ಒಬ್ಬಳನ್ನು ಸರ್ಕಾರಿ ಪ್ಲೇಗ್ ಆಸ್ಪತ್ರೆಗೆ ಒಯ್ದರು. ಆಮೇಲೆ ಶಿಬಿರ. ಹುಡುಗಿ ಮರಳಿ ಬರಲಿಲ್ಲ. ಸತ್ತಳು ಅಂತಲ್ಲ, ಕೈತಪ್ಪಿ ಹೋದಳು. ರಮಾಬಾಯಿ ಸುಮ್ಮನಿರಲಿಲ್ಲ. 1897ರ ಮೇ ತಿಂಗಳಲ್ಲಿ 'ಬಾಂಬೆ ಗಾರ್ಡಿಯನ್' ಪತ್ರಿಕೆಗೆ ಬರೆದರು. ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆಯಿಲ್ಲ, ಮಾನಕ್ಕೆ ಬೆಲೆಯಿಲ್ಲ, ನನ್ನ ಹುಡುಗಿ ಎಲ್ಲಿ ಅಂತ ಕೇಳಿದರು. ಅವರು ಆಗಲೇ ಕ್ರೈಸ್ತ ಧರ್ಮಕ್ಕೆ ಸೇರಿದ್ದವರು, ಬಿಳಿಯರ ಹಣದಿಂದ ಸಂಸ್ಥೆ ನಡೆಸುತ್ತಿದ್ದವರು. ಪುಣೆಯ ಸನಾತನಿಗಳಿಗೆ ಬೇಡವಾದವರು. ಸರ್ಕಾರವನ್ನು ಎದುರು ಹಾಕಿಕೊಂಡರೆ ನಷ್ಟ ಅವರಿಗೇ. ಆದರೂ ಬರೆದರು.

ಪ್ರಶ್ನೆ ಲಂಡನ್ನಿನ ಪಾರ್ಲಿಮೆಂಟಿಗೂ ಹೋಯಿತು. ಮುಂಬೈ ಗವರ್ನರ್ ಲಾರ್ಡ್ ಸ್ಯಾಂಡ್‌ಹರ್ಸ್ಟ್ ಆ ಆರೋಪವನ್ನೇ ಸುಳ್ಳು, ದಾರಿ ತಪ್ಪಿಸುವಂಥದ್ದು ಅಂತ ತಳ್ಳಿಹಾಕಿದ. ರ‍್ಯಾಂಡನ ವರದಿಯಲ್ಲೂ ಅದೇ ಧಾಟಿ. ಹೆಣ್ಣುಮಕ್ಕಳ ಮರ್ಯಾದೆಗೆ ಬೇಕೆಂದು ಧಕ್ಕೆ ತಂದ ಬಗ್ಗೆ ನಂಬುವಂಥ ಒಂದು ದೂರೂ ಬಂದಿಲ್ಲ ಅಂತ. ಓದುವಾಗ ನನಗೆ ಆ ಸಿಸ್ಟರ್ ಮಾತು ನೆನಪಾಯಿತು. "ವಯಸ್ಸಾದವರು, ಹಾಗೇ ಅಂತಾರೆ." ನಡೆಸುವವರೇ ಬರೆದ ವರದಿಯಲ್ಲಿ ದೂರು ಇರುವುದಿಲ್ಲ ನೋಡಿ. ದೂರು ಇಲ್ಲದ್ದು ಬೇರೆ, ದೂರು ಹೇಳಲು ಜಾಗವಿಲ್ಲದ್ದು ಬೇರೆ.

ಇದೇ ಕಥೆಗೆ ಇನ್ನೊಂದು ಮುಖವೂ ಇದೆ. ಅದನ್ನು ಬಿಟ್ಟರೆ ನಾನೂ ಮೋಸ ಮಾಡಿದಂತೆ. ಆ ವರ್ಷ ಗೋಪಾಲಕೃಷ್ಣ ಗೋಖಲೆ ವೆಲ್ಬಿ ಕಮಿಷನ್ ಮುಂದೆ ಸಾಕ್ಷ್ಯ ಹೇಳಲು ಇಂಗ್ಲೆಂಡಿನಲ್ಲಿದ್ದರು. ಪುಣೆಯ ಗೆಳೆಯರು ಬರೆದ ಪತ್ರಗಳನ್ನು ನಂಬಿ, ಸೈನಿಕರು ಹೆಂಗಸರ ಮೇಲೆ ಅತ್ಯಾಚಾರ ಮಾಡಿದ್ದಾರೆ ಎಂದು ಅಲ್ಲಿ ಬಹಿರಂಗವಾಗಿ ಹೇಳಿದರು. ವಾಪಸ್ ಬಂದಾಗ ಸಾಬೀತು ಮಾಡಲು ಆಗಲಿಲ್ಲ. ಪತ್ರ ಬರೆದವರ ಹೆಸರು ಹೇಳುವಂತಿರಲಿಲ್ಲ. ಗೋಖಲೆ ಬೇಷರತ್ತಾಗಿ ಕ್ಷಮೆ ಕೇಳಬೇಕಾಯಿತು. ಅಂಥ ಪ್ರಾಮಾಣಿಕ ಮನುಷ್ಯನಿಗೆ ಅದು ಬಹುಕಾಲ ಕೊರೆದ ನೋವು. ಅಷ್ಟರಲ್ಲಿ 1897ರ ಜೂನ್ 22ರ ರಾತ್ರಿ ಗಣೇಶಖಿಂಡ್ ರಸ್ತೆಯಲ್ಲಿ ಚಾಫೇಕರ್ ಸಹೋದರರ ಗುಂಡು ರ‍್ಯಾಂಡನಿಗೆ ತಗುಲಿತ್ತು. ಆಮೇಲೆ ಆಸ್ಪತ್ರೆಯ ಆರೈಕೆ ಹೇಗಿತ್ತು ಅನ್ನುವ ಪ್ರಶ್ನೆ ಕೊಲೆ, ನೇಣು, ರಾಜದ್ರೋಹದ ಮೊಕದ್ದಮೆಗಳ ಗದ್ದಲದಲ್ಲಿ ಮುಚ್ಚಿಹೋಯಿತು.

ನಾನು ಇದರಿಂದ ಕಲಿತದ್ದು ಹೀಗೆ. ಗೋಖಲೆಯವರ ಹತ್ತಿರ ಇದ್ದದ್ದು ಕೇಳಿದ ಮಾತು. ರಮಾಬಾಯಿಯ ಹತ್ತಿರ ಇದ್ದದ್ದು ಎಣಿಕೆ. ಕಳಿಸಿದ್ದು ಇಷ್ಟು ಹುಡುಗಿಯರು, ಬಂದದ್ದು ಒಬ್ಬಳು ಕಡಿಮೆ. ಅದನ್ನು ಯಾವ ಗವರ್ನರ್ ಬಂದರೂ ಅಳಿಸಲಾಗದು.

ಅದೇ ವರ್ಷ ಮಾರ್ಚ್ 10ರಂದು ಪುಣೆಯ ಇನ್ನೊಂದು ತುದಿಯಲ್ಲಿ ಸಾವಿತ್ರಿಬಾಯಿ ಫುಲೆ ಪ್ಲೇಗಿನಿಂದ ತೀರಿಕೊಂಡರು. ಮಗ ಡಾಕ್ಟರ್ ಯಶವಂತ ಹಡಪಸರದ ಹತ್ತಿರ ಚಿಕಿತ್ಸಾಲಯ ತೆರೆದಿದ್ದರು. ಮುಂಢವಾದ ಒಬ್ಬ ದಲಿತ ಹುಡುಗನನ್ನು ಸಾವಿತ್ರಿಬಾಯಿ ತಾವೇ ಬೆನ್ನ ಮೇಲೆ ಹೊತ್ತು ತಂದರು. ಆ ಸೋಂಕೇ ಅವರಿಗೂ ತಗುಲಿತು. ಅಲ್ಲಿ ಸರ್ಟಿಫಿಕೇಟು ಇರಲಿಲ್ಲ, ಬೆನ್ನು ಇತ್ತು. ನಮ್ಮ ಹಮಾಲನ ನೆನಪಾಗುವುದು ಇಲ್ಲಿಯೇ.

ಆದರೆ ಎಲ್ಲರೂ ಸಾವಿತ್ರಿಬಾಯಿ ಆಗಲಿ ಅಂತ ಕಾಯುತ್ತಾ ಕೂರಲಾಗುವುದಿಲ್ಲ. ಅದಕ್ಕೇ ಅಳತೆ ಬೇಕು. ಅಳತೆಯ ಹಾದಿಯಲ್ಲಿ ಮೊದಲು ಸಿಗುವವರು ಫ್ಲಾರೆನ್ಸ್ ನೈಟಿಂಗೇಲ್. ದೀಪ ಹಿಡಿದ ಚಿತ್ರವನ್ನಷ್ಟೇ ನಾವು ಶಾಲೆಯಲ್ಲಿ ನೋಡಿದ್ದು. ನಿಜಕ್ಕೂ ಅವರು ಲೆಕ್ಕದ ಮನುಷ್ಯೆ. ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ರೋಗಿಗಳ ಲೆಕ್ಕ ಬರೆಯಬೇಕು ಅಂತ 1860ರಲ್ಲೇ ಲಂಡನ್ನಿನ ಅಂಕಿಅಂಶ ಸಮ್ಮೇಳನದ ಮುಂದೆ ಯೋಜನೆ ಇಟ್ಟರು. ಪುಣೆಯ ಸಾರ್ವಜನಿಕ ಸಭೆಯ ಜೊತೆಗೂ ಅವರ ಪತ್ರವ್ಯವಹಾರವಿತ್ತು. 1859ರ 'ನೋಟ್ಸ್ ಆನ್ ನರ್ಸಿಂಗ್' ಪುಸ್ತಕದ ಆರಂಭದಲ್ಲೇ ಅವರು ಹೇಳುವ ಒಂದು ವಿಷಯ ಓದಿ ನಾನು ಪುಸ್ತಕ ಮುಚ್ಚಿಟ್ಟೆ. ಮಲಗಿದ ರೋಗಿಗೆ ಬೆನ್ನು ಹುಣ್ಣಾದರೆ ತಪ್ಪು ಸಾಮಾನ್ಯವಾಗಿ ರೋಗದ್ದಲ್ಲ, ಆರೈಕೆಯದು ಅಂತ. ನನ್ನ ಅವ್ವನಿಗೆ ಹಾಗಾಗುವುದಕ್ಕೆ ನೂರ ನಲವತ್ತು ವರ್ಷ ಮೊದಲೇ ಬರೆದಿಟ್ಟಿದ್ದರು.

ಇನ್ನು 'ನರ್ಸಿಂಗ್ ಹೋಮ್' ಎಂಬ ಮಾತು. ಬೇರೆ ದೇಶಗಳಲ್ಲಿ ಅದು ವಯಸ್ಸಾದವರನ್ನು ನೋಡಿಕೊಳ್ಳುವ ಮನೆ. ನಮ್ಮಲ್ಲಿ ಹತ್ತಿಪ್ಪತ್ತು ಹಾಸಿಗೆಯ ಖಾಸಗಿ ಆಸ್ಪತ್ರೆ. ಈ ಮಾತು ನಮ್ಮ ಕಾನೂನಿಗೆ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ 1927ರಲ್ಲಿ ನರ್ಸಿಂಗ್ ಹೋಮುಗಳ ನೋಂದಣಿ ಕಾಯ್ದೆ ಬಂತು. ಅದೇ ಅಚ್ಚಿನಲ್ಲಿ 1949ರಲ್ಲಿ ಮುಂಬೈ ಪ್ರಾಂತ್ಯದ ಕಾಯ್ದೆ. ರೋಗ, ಗಾಯ, ಅಶಕ್ತತೆ ಯಾವುದಿದ್ದರೂ ಜನರನ್ನು ಇರಿಸಿಕೊಂಡು ಚಿಕಿತ್ಸೆ, ಶುಶ್ರೂಷೆ ಮಾಡುವ ಜಾಗ ನೋಂದಣಿಯಾಗಬೇಕು, ಅರ್ಹ ನರ್ಸ್ ಇರಬೇಕು, ಅಧಿಕಾರಿ ಬಂದು ನೋಡಬಹುದು. ನೋಂದಣಿ ಇಲ್ಲದೆ ನಡೆಸಿದರೆ ಮೂಲ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ಹೆಚ್ಚೆಂದರೆ 500 ರೂಪಾಯಿ ದಂಡವಿತ್ತು. ಕರ್ನಾಟಕದಲ್ಲೂ 1976ರಲ್ಲಿ ಖಾಸಗಿ ನರ್ಸಿಂಗ್ ಹೋಮುಗಳ ಕಾಯ್ದೆ ಬಂತು. 2007ರಲ್ಲಿ ಅದರ ಜಾಗಕ್ಕೆ ಹೊಸದು. 2017ರಲ್ಲಿ ಅದನ್ನು ಬಿಗಿ ಮಾಡಹೊರಟಾಗ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು.

ಕಾನೂನು ಇದ್ದ ಮೇಲೆ ನೋಡುವವರಿರಬೇಕಲ್ಲ? 1990ರ ದಶಕದ ಆರಂಭದಲ್ಲಿ ಮೆಡಿಕೋ ಫ್ರೆಂಡ್ ಸರ್ಕಲ್‌ನವರೂ ಸೇರಿ ಕೆಲವರು ಮುಂಬೈ ಹೈಕೋರ್ಟಿಗೆ ಹೋದರು. 1949ರ ಕಾಯ್ದೆ ಪುಸ್ತಕದಲ್ಲೇ ಮಲಗಿದೆ ಅನ್ನುವುದೇ ದೂರು. ಕೋರ್ಟು ಸಮಿತಿ ಮಾಡಿತು. ಆಗ ನಡೆದ ಅಧ್ಯಯನದಲ್ಲಿ ವಸತಿ ಕಟ್ಟಡದ ಫ್ಲಾಟುಗಳಲ್ಲಿ, ಶೆಡ್ಡುಗಳಲ್ಲಿ ನಡೆಯುತ್ತಿದ್ದ ಆಸ್ಪತ್ರೆಗಳು ಕಂಡವು. ಅಲ್ಲಿಂದ ಎಷ್ಟೋ ವರ್ಷದ ಓಡಾಟದ ನಂತರ 2021ರಲ್ಲಿ ಮಹಾರಾಷ್ಟ್ರದ ನಿಯಮಗಳು ಬದಲಾದವು. ಈಗ ರೋಗಿಗಳ ಹಕ್ಕುಗಳ ಪಟ್ಟಿ, ದರಪಟ್ಟಿ ಗೋಡೆಗೆ ಹಾಕಬೇಕು, ದೂರು ಕೇಳುವ ವ್ಯವಸ್ಥೆ ಇರಬೇಕು. ಗಮನಿಸಿ, ಮತ್ತೆ ಗೋಡೆ. ಗೋಡೆಗೆ ಹಾಕಿದ್ದನ್ನು ಓದುವವರು ನಾವೇ ಆಗಬೇಕು.

ಅಳತೆಯ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅವೇಡಿಸ್ ಡೊನಬೇಡಿಯನ್ ಎಂಬ ಡಾಕ್ಟರ್. ಬೇರೂತಿನಲ್ಲಿ ಹುಟ್ಟಿದ ಅರ್ಮೇನಿಯನ್, ಅಮೆರಿಕಕ್ಕೆ ವಲಸೆ ಹೋದವನು. 1966ರಲ್ಲಿ ಬರೆದ ಲೇಖನದಲ್ಲಿ ಆರೈಕೆಯನ್ನು ಮೂರು ಕಡೆಯಿಂದ ನೋಡು ಅಂದ. ಮೊದಲನೆಯದು ಏನೇನಿದೆ: ಕಟ್ಟಡ, ಸಾಮಾನು, ನರ್ಸುಗಳು. ಎರಡನೆಯದು ಏನು ಮಾಡುತ್ತಾರೆ. ಮೂರನೆಯದು ರೋಗಿಗೆ ಏನಾಯಿತು. ನಮ್ಮ ಪೇಟೆ ಭಾಷೆಯಲ್ಲಿ ಹೇಳಬೇಕೆಂದರೆ ಗೋಣಿಚೀಲ, ಒಳಗೆ ತುಂಬಿದ ರೀತಿ, ಕೊನೆಗೆ ತಟ್ಟೆಗೆ ಬಂದ ಊಟ. ಸರ್ಟಿಫಿಕೇಟು ಹೇಳುವುದು ಬಹುಪಾಲು ಮೊದಲನೆಯದನ್ನು. ಅವ್ವ ಸತ್ತದ್ದು ಎರಡನೆಯದರಲ್ಲಿ.

ಅಮೆರಿಕದಲ್ಲಿ ನರ್ಸಿಂಗ್ ಹೋಮುಗಳಿಗೆ 2008ರಿಂದ ಹೋಟೆಲಿನಂತೆ ಒಂದರಿಂದ ಐದು ನಕ್ಷತ್ರ ಕೊಡುತ್ತಾರೆ. ಒಳ್ಳೆಯ ಉಪಾಯ. ಆದರೆ ಎಷ್ಟು ಸಿಬ್ಬಂದಿ ಇದ್ದಾರೆ ಅನ್ನುವ ಲೆಕ್ಕವನ್ನು ಮೊದಮೊದಲು ಆ ಹೋಮುಗಳೇ ಬರೆದುಕೊಡುತ್ತಿದ್ದವು. 2018ರಿಂದ ಸಂಬಳದ ಪಟ್ಟಿ ನೋಡಿ ನಕ್ಷತ್ರ ಕೊಡಲು ಶುರು ಮಾಡಿದರು. ರ‍್ಯಾಂಡನ ವರದಿಗೂ ಇದಕ್ಕೂ ನೂರು ವರ್ಷ ಮೀರಿದ ಅಂತರ, ಸಮಸ್ಯೆ ಒಂದೇ. ಮಾರುವವನೇ ತಕ್ಕಡಿ ಹಿಡಿದರೆ ಏನಾಗುತ್ತದೆ ಅಂತ ಮಾರ್ಕೆಟ್ ಯಾರ್ಡಿನವರಿಗೆ ಹೇಳಿಕೊಡಬೇಕೇ?

ಸರಿ, ಸಂಬಂಧಿಗೆ ಏನು ಹೇಳಿದೆ ಅಂತ ಕೇಳುತ್ತೀರಿ. ಬಿಬ್ವೇವಾಡಿ, ಗುಲ್ಟೇಕಡಿ ಸುತ್ತ ನಾಲ್ಕು ಜಾಗ ನೋಡಿಬಂದೆ. ಹೋದದ್ದು ಅವರು ಹೇಳಿದ ಹೊತ್ತಿಗಲ್ಲ, ರಾತ್ರಿ ಎಂಟರ ನಂತರ ಒಮ್ಮೆ, ಬೆಳಗಿನ ಆರಕ್ಕೆ ಒಮ್ಮೆ. ರಾತ್ರಿ ಎಷ್ಟು ಹಾಸಿಗೆಗೆ ಎಷ್ಟು ಜನ ನರ್ಸ್ ಅಂತ ಡಾಕ್ಟರನ್ನಲ್ಲ, ಆಯಾಗಳನ್ನು ಕೇಳಿದೆ. ಕರೆಗಂಟೆ ಒತ್ತಿದರೆ ಎಷ್ಟು ನಿಮಿಷಕ್ಕೆ ಬರುತ್ತಾರೆ ಅಂತ ಗಡಿಯಾರ ನೋಡಿದೆ. ನೀರಿನ ಲೋಟ ಮಲಗಿದವರ ಕೈಗೆ ಎಟಕುವಲ್ಲಿದೆಯೇ ಅಂತ ನೋಡಿದೆ. ಮಗ್ಗುಲು ಬದಲಿಸಿದ ಹೊತ್ತು ಬರೆದಿಡುವ ಚೀಟಿ ತೋರಿಸಿ ಅಂದೆ. ಎರಡು ಕಡೆ ಅಂಥ ಚೀಟಿಯೇ ಇರಲಿಲ್ಲ. ಒಂದು ಕಡೆ ಇಡೀ ವಾರದ್ದು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ಹಗಲೂ ರಾತ್ರಿ ತುಂಬಿತ್ತು. ನಾನೂ ಗುಮಾಸ್ತ ಸ್ವಾಮಿ, ಒಂದೇ ಸಲ ಕೂತು ಬರೆದ ಖಾತೆ ನನಗೆ ಗೊತ್ತಾಗುತ್ತದೆ.

ನಾಲ್ಕನೆಯದು ಹಳೇ ಕಟ್ಟಡ, ಗೋಡೆಗೆ ಸುಣ್ಣ ಬೇಕು. ಒಬ್ಬ ಮುದುಕಪ್ಪ ಏನೋ ಗೊಣಗುತ್ತಿದ್ದ. ಆ ಹುಡುಗಿ, ನರ್ಸ್, ಬಗ್ಗಿ ಕಿವಿ ಕೊಟ್ಟಳು. ಚಾದರ ಸರಿಸಿ ಅವನ ಹಿಮ್ಮಡಿ ನೋಡಿದಳು, ಕೆಳಗೆ ದಿಂಬು ಇಟ್ಟಳು. ನಾನು ನೋಡುತ್ತಿರುವುದು ಅವಳಿಗೆ ಗೊತ್ತಿರಲಿಲ್ಲ.

ಅಲ್ಲಿಗೇ ಸೇರಿಸು ಅಂದೆ. ಜೊತೆಗೆ ಇನ್ನೊಂದು ಮಾತು ಹೇಳಿದೆ. ಸೇರಿಸಿ ಬಂದು ಸುಮ್ಮನಾಗಬೇಡ, ದಿನಾ ಹೋಗು. ಹೋದಾಗ ಚಾದರ ಎತ್ತಿ ನೋಡು. ನಿಮ್ಮಪ್ಪನಿಗೆ ಮಾತು ಬರದಿದ್ದರೂ ಮುಖ ನೋಡು. ಬೆನ್ನು ಉರಿಯುತ್ತದೆ ಅಂದರೆ ಮೊದಲು ಅವನನ್ನು ನಂಬು, ಆಮೇಲೆ ಸಿಸ್ಟರನ್ನು ಕೇಳು.

ನನಗೂ ಈಗ ಎಪ್ಪತ್ತರ ಹತ್ತಿರ. ಮಗಳು ಇದನ್ನು ಓದುತ್ತಾಳೆ, ಅವಳಿಗೆ ಕನ್ನಡ ಓದಲು ಬರುತ್ತದೆ. ಅದಕ್ಕೇ ಇಷ್ಟು ವಿವರವಾಗಿ ಬರೆದಿಟ್ಟೆ.